ಯಾವ ಕೆಲಸಕ್ಕೆ ಯಾವ ನಾರು? ಹಗ್ಗದಿಂದ ಹೊಟ್ಟೆಯವರೆಗೆ ಒಂದು ಹೋಲಿಕೆ

ಹಗ್ಗ ಕೊಳ್ಳುವವರು ಮೊದಲು ಕೇಳುವುದು "ಇದು ಎಷ್ಟು ಭಾರ ತಡೆಯುತ್ತೆ?" ಎಂದು. ಪ್ಯಾಕೆಟ್ಟಿನ ಮೇಲೆ ಅಂಕಿಯೂ ಇರುತ್ತದೆ. ಆದರೆ ಆ ಅಂಕಿ ಹೊಸ ಹಗ್ಗದ್ದು, ಒಣ ಹಗ್ಗದ್ದು, ಗಂಟಿಲ್ಲದೆ ನೇರವಾಗಿ ಎಳೆದಾಗಿನದ್ದು. ನಮ್ಮ ಕೈಯಲ್ಲಿ ಅದೇ ಹಗ್ಗ ನೆನೆಯುತ್ತದೆ, ಬಿಸಿಲು ತಿನ್ನುತ್ತದೆ, ಗಂಟು ಹಾಕಿಸಿಕೊಳ್ಳುತ್ತದೆ. ಗಂಟಿನ ಬಗೆ ನೋಡಿಕೊಂಡು ಹಗ್ಗದ ಬಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಅಲ್ಲೇ ಹೋಗಿಬಿಡುತ್ತದೆ.

ಹಾಗಾಗಿ ನಾರು ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಕೈಕೊಡುವುದು ಹೇಗೆ? ನೆನೆದರೆ, ಕಾದರೆ, ಮಡಿಚಿದರೆ, ಉಜ್ಜಿದರೆ ಏನಾಗುತ್ತದೆ? ಸಾಯುವ ಮೊದಲು ಏನಾದರೂ ಸೂಚನೆ ಕೊಡುತ್ತದೆಯೋ ಅಥವಾ ಪಟ್ಟನೆ ಹೋಗುತ್ತದೆಯೋ? ಹಗ್ಗಕ್ಕೆ, ಬಟ್ಟೆಗೆ, ವಿಮಾನದ ರೆಕ್ಕೆಗೆ, ಇಂಟರ್ನೆಟ್ ಕೇಬಲ್ಲಿಗೆ, ಕೊನೆಗೆ ಊಟದ ನಾರಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಬಲದ ಅಂಕಿ ಆಮೇಲೆ ನೋಡಿದರಾಯಿತು.

ಹಗ್ಗ: ಹಿಗ್ಗಬೇಕೋ, ಹಿಗ್ಗಬಾರದೋ

ನೈಲಾನ್ ಮತ್ತು ಪಾಲಿಯೆಸ್ಟರ್ ಹಗ್ಗಗಳನ್ನು ಕಣ್ಣಿನಿಂದ ನೋಡಿ ಬೇರೆ ಮಾಡುವುದು ಕಷ್ಟ. ಬಲವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಜಗ್ಗಿದಾಗ. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಬಂಡೆ ಹತ್ತುವವರ ಹಗ್ಗ ನೈಲಾನಿನದೇ ಆಗಿರುವುದಕ್ಕೆ ಕಾರಣ ಈ ಹಿಗ್ಗುವಿಕೆ. ಬೀಳುವ ಮನುಷ್ಯನನ್ನು ಹಗ್ಗ ಒಮ್ಮೆಲೇ ತಡೆದರೆ ಹಗ್ಗ ಉಳಿಯಬಹುದು, ಸೊಂಟ ಉಳಿಯುವುದಿಲ್ಲ. ಅದಕ್ಕೇ ಇಂಥ ಹಗ್ಗದ ಪರೀಕ್ಷೆಯಲ್ಲಿ ಅದು ಎಷ್ಟು ತಡೆಯಿತು ಎಂಬುದಷ್ಟೇ ಅಲ್ಲದೆ, ಬಿದ್ದವನ ಮೈಗೆ ಎಷ್ಟು ಪೆಟ್ಟು ದಾಟಿಸಿತು ಎಂಬುದನ್ನೂ ಅಳೆಯುತ್ತಾರೆ. ಒಂಟಿ ಹಗ್ಗಕ್ಕೆ 80 ಕಿಲೋ ತೂಕ ಕಟ್ಟಿ ಬೀಳಿಸಿದಾಗ ಆ ಪೆಟ್ಟು 12 ಕಿಲೋನ್ಯೂಟನ್ (ಸುಮಾರು 1,200 ಕಿಲೋ ಭಾರದ ಎಳೆತ) ಮೀರಬಾರದು, ಹಗ್ಗ ಶೇ. 40ಕ್ಕಿಂತ ಹೆಚ್ಚು ಹಿಗ್ಗಲೂಬಾರದು.

ಇದೇ ಗುಣ ಬೇರೆ ಕಡೆ ದೋಷ. ಲಾರಿಯ ಮೇಲೆ ಸಾಮಾನು ಬಿಗಿದರೆ ನೈಲಾನ್ ದಾರಿಯಲ್ಲಿ ಸಡಿಲವಾಗುತ್ತದೆ, ಮಳೆ ಬಂದರೆ ಇನ್ನಷ್ಟು. ನೀರು ಕುಡಿದ ನೈಲಾನ್ ಹತ್ತು-ಹದಿನೈದು ಶೇಕಡಾ ಬಲವನ್ನೂ ಕಳೆದುಕೊಳ್ಳುತ್ತದೆ. ಇನ್ನೊಂದು ಅಪಾಯವನ್ನು ಕೊಳ್ಳುವವರು ಯೋಚಿಸುವುದೇ ಇಲ್ಲ: ಬಿಗಿಯಾಗಿ ಹಿಗ್ಗಿದ ನೈಲಾನ್ ತುಂಡಾದರೆ ತುದಿ ಚಾಟಿಯಂತೆ ವಾಪಸ್ ಹಾರುತ್ತದೆ. ಹಡಗು ಕಟ್ಟುವ ಹಗ್ಗಗಳು ಹೀಗೆ ಹಾರಿ ಜೀವ ತೆಗೆದದ್ದಿದೆ. ಬಿಗಿದ ಹಗ್ಗದ ನೇರಕ್ಕೆ ನಿಲ್ಲಬೇಡಿ. ಬಿಗಿದು ಕಟ್ಟಿ ಬಿಟ್ಟುಬಿಡುವ ಕೆಲಸ, ಬಿಸಿಲು-ಮಳೆಯಲ್ಲಿ ತಿಂಗಳುಗಟ್ಟಲೆ ಇರುವ ಕೆಲಸ ಎಂದರೆ ಪಾಲಿಯೆಸ್ಟರ್ ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ.

ಪಾಲಿಪ್ರೊಪಿಲೀನ್ ಹಗುರ, ಸಾಂದ್ರತೆ 0.91 (ನೀರಿನದು 1), ಆದ್ದರಿಂದ ನೀರಿನ ಮೇಲೆ ತೇಲುತ್ತದೆ. ನೀರಲ್ಲಿ ಬಿದ್ದವರಿಗೆ ಎಸೆಯುವ ಹಗ್ಗಕ್ಕೆ ಇದು ಸರಿ. ಬಿಸಿಲಿಗೆ ಮಾತ್ರ ಬಲಹೀನ. ಹಳೆಯ ಪಾಲಿಪ್ರೊಪಿಲೀನ್ ಹಗ್ಗ ಸಿಕ್ಕರೆ ಹೊರಗಿನ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಿ. ಬಣ್ಣ ಮಾಸಿ, ಎಳೆ ಸೀಳಿ, ಬಿಳಿ ಪುಡಿ ಬೆರಳಿಗೆ ಅಂಟಿದರೆ ಅದರ ಆಯುಷ್ಯ ಮುಗಿದಿದೆ. ಒಳಗಿನ ಎಳೆಗಳು ಹೊಳೆಯುತ್ತಿದ್ದರೂ ಅದನ್ನು ಭಾರಕ್ಕೆ ನಂಬಬೇಡಿ.

ಈಗ ದುಬಾರಿ ನಾರುಗಳು. ಬಹಳ ಉದ್ದದ ಅಣುಗಳ ಪಾಲಿಎಥಿಲೀನಿನಿಂದ ಮಾಡಿದ ಹಗ್ಗ, ತೂಕಕ್ಕೆ ತೂಕ ಹಾಕಿ ನೋಡಿದರೆ, ಉಕ್ಕಿನ ತಂತಿಯನ್ನು ಎಷ್ಟೋ ಪಟ್ಟು ಹಿಂದೆ ಹಾಕುತ್ತದೆ. ಮೇಲಾಗಿ ತೇಲುತ್ತದೆ. ಇದನ್ನೇ ಎಲ್ಲದಕ್ಕೂ ಬಳಸಬಾರದೇಕೆ? ಕರಗುವುದು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ರಾಟೆಯಲ್ಲಿ ಅಥವಾ ಬ್ರೇಕ್ ಹಿಡಿಯುವ ಸಾಧನದಲ್ಲಿ ವೇಗವಾಗಿ ಜಾರಿದರೆ ಉಜ್ಜಾಟದ ಬಿಸಿಯೇ ಸಾಕು. ಮೈ ನುಣುಪು, ಮಾಮೂಲಿ ಗಂಟು ತಾನೇ ಜಾರಿ ಬಿಚ್ಚಿಕೊಳ್ಳುತ್ತದೆ. ಭಾರ ಹೊತ್ತುಕೊಂಡೇ ಇದ್ದರೆ ನಿಧಾನವಾಗಿ ಉದ್ದವಾಗುತ್ತಾ ಹೋಗುತ್ತದೆ, ಆ ಉದ್ದ ವಾಪಸ್ ಬರುವುದಿಲ್ಲ. ಅರಾಮಿಡ್ ಇದಕ್ಕೆ ತದ್ವಿರುದ್ಧ. 1965ರಲ್ಲಿ ಡ್ಯುಪಾಂಟ್‌ನ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಅವರ ಶೋಧದಿಂದ ಹುಟ್ಟಿದ ಕೆವ್ಲಾರ್ ಈ ಕುಟುಂಬದ್ದು. ಇದು ಕರಗುವುದೇ ಇಲ್ಲ, 450 ಡಿಗ್ರಿಯ ಆಚೆಗೆ ಕೆಡಲು ಶುರುವಾಗುತ್ತದೆ. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿದರೆ ಒಳಗೊಳಗೇ ಮುರಿಯುತ್ತದೆ, ಬಿಸಿಲಿಗೂ ಕೆಡುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೇಲೊಂದು ಹೊದಿಕೆ ಹೆಣೆದಿರುತ್ತಾರೆ. ಹೊದಿಕೆ ಇರುವುದರಿಂದ ಒಳಗಿನ ಹಾಳು ಕಾಣುವುದೂ ಇಲ್ಲ, ಇದೊಂದು ತಲೆನೋವು.

ಕತ್ತಾಳೆ, ಸೆಣಬು, ತೆಂಗಿನ ನಾರುಗಳನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ಗಂಟು ಕಚ್ಚಿ ಹಿಡಿಯುತ್ತವೆ, ಕೈಯಲ್ಲಿ ಜಾರುವುದಿಲ್ಲ, ಉಜ್ಜಾಟದ ಬಿಸಿಗೆ ಕರಗಿ ಅಂಗೈಗೆ ಅಂಟುವುದಿಲ್ಲ. ಅವು ಸೋಲುವುದು ಕೊಳೆತಕ್ಕೆ, ಅದೂ ಒಳಗಿನಿಂದ. ಪರೀಕ್ಷೆ ಸುಲಭ: ಎರಡೂ ಕೈಯಲ್ಲಿ ಹಿಡಿದು ಹುರಿಯನ್ನು ಹಿಮ್ಮುಖವಾಗಿ ತಿರುಚಿ, ಎಳೆಗಳು ಬಾಯಿಬಿಟ್ಟಾಗ ಒಳಗೆ ನೋಡಿ. ಬೂಷ್ಟಿನ ವಾಸನೆ, ಕಪ್ಪು ಕಲೆ, ಚಿಟಿಕೆಯಲ್ಲಿ ಹಿಡಿದೆಳೆದರೆ ತುಂಡಾಗುವ ನಾರು, ಇವುಗಳಲ್ಲಿ ಯಾವುದೊಂದು ಕಂಡರೂ ಹಗ್ಗ ಎಸೆಯಿರಿ. ಇವುಗಳಲ್ಲಿ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಹೆಚ್ಚಿರುವ ತೆಂಗಿನ ನಾರು ಉಪ್ಪುನೀರಿಗೂ ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಸೆಣಬು ಒದ್ದೆ ನೆಲದಲ್ಲಿ ಬೇಗ ಮಣ್ಣಾಗುತ್ತದೆ. ಗಿಡದ ಬೇರಿನ ಉಂಡೆ ಸುತ್ತಲು, ಇಳಿಜಾರಿನ ಮಣ್ಣು ಹಿಡಿಯಲು ಅದನ್ನು ಬಳಸುವುದೇ ಈ ಕಾರಣಕ್ಕೆ.

ಬಟ್ಟೆ: ನೀರು ಮತ್ತು ಬೆಂಕಿ

ಬಟ್ಟೆಯ ವಿಷಯದಲ್ಲಿ ಮುಕ್ಕಾಲು ತೀರ್ಮಾನ ನೀರಿನದು. ಸಾಧಾರಣ ತೇವದ ಗಾಳಿಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ. 16ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಹತ್ತಿ ಸುಮಾರು 8, ನೈಲಾನ್ 4, ಪಾಲಿಯೆಸ್ಟರ್ ಅರ್ಧ ಶೇಕಡವೂ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುವುದು ಇದರಿಂದಲೇ, ಬೆವರಿನ ದಿನ ಸಾದಾ ಪಾಲಿಯೆಸ್ಟರ್ ಅಂಗಿ ಮೈಗಂಟಿ ಹಿಂಸೆ ಮಾಡುವುದೂ ಇದರಿಂದಲೇ. ಆಟದ ಉಡುಪಿನಲ್ಲಿ ಎಳೆಯ ಆಕಾರ ಬದಲಿಸಿ, ಬೆವರು ಎಳೆಗಳ ನಡುವಿನ ಸಂದಿಯಲ್ಲಿ ಹರಿದು ಹೊರಗೆ ಹೋಗುವ ಹಾಗೆ ಮಾಡುತ್ತಾರೆ. ಎಳೆ ಹೀರಿಕೊಳ್ಳುವುದಿಲ್ಲ, ದಾಟಿಸುತ್ತದೆ. ಆದರೆ ಮೈಯ ಎಣ್ಣೆಯಂಶವನ್ನು ಪಾಲಿಯೆಸ್ಟರ್ ಬಿಡಲೊಲ್ಲದು, ವಾಸನೆ ಉಳಿದುಬಿಡುತ್ತದೆ.

ಹತ್ತಿಗೆ ಒಂದು ಅಪರೂಪದ ಗುಣವಿದೆ: ನೆನೆದಾಗ ಬಲ ಹೆಚ್ಚುತ್ತದೆ. ಟವೆಲ್, ಹಾಸಿಗೆ ಬಟ್ಟೆ, ಆಸ್ಪತ್ರೆಯ ಬಟ್ಟೆ, ಹೀಗೆ ಕುದಿಸಿ ಹಿಂಡುವಂಥವಕ್ಕೆಲ್ಲ ಅದನ್ನು ಮೀರಿಸುವುದು ಸುಲಭವಲ್ಲ. ಮರದ ತಿರುಳನ್ನು ಕರಗಿಸಿ ಎಳೆ ತೆಗೆದ ವಿಸ್ಕೋಸ್ (ರೇಯಾನ್) ಕೂಡ ಮೂಲದಲ್ಲಿ ಹತ್ತಿಯಂತೆ ಸೆಲ್ಯುಲೋಸೇ, ಅಂದರೆ ಗಿಡಗಳ ನಾರಿನ ವಸ್ತುವೇ, ಮುಟ್ಟಿದರೆ ಹತ್ತಿಗಿಂತ ಮೃದು, ಜೋತುಬೀಳುವ ಚಂದವೇ ಬೇರೆ. ಆದರೆ ನೆನೆದರೆ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ವಿಸ್ಕೋಸ್ ಬಟ್ಟೆ ಹರಿಯುವುದು ತೊಟ್ಟಾಗಲ್ಲ, ಒಗೆದು ಹಿಂಡುವಾಗ. ಬಿದಿರಿನ ಬಟ್ಟೆ ಎಂದು ಮಾರುವುದರಲ್ಲಿ ಬಹುಪಾಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ. ಹೆಸರು ನೋಡಿ ಹಣ ಕೊಡಬೇಡಿ, ವಿಸ್ಕೋಸ್ ಎಂದೇ ತಿಳಿದು ಒಗೆಯಿರಿ. ಲಿನನ್ ಹತ್ತಿಗಿಂತ ಗಟ್ಟಿ, ತಂಪು, ಬೇಗ ಒಣಗುತ್ತದೆ. ಅದರ ಸುಕ್ಕನ್ನು ಸಹಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಬಿಸಿನೀರಿನಲ್ಲಿ ಉಜ್ಜಿದರೆ ಮಾತ್ರ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಾಗುತ್ತದೆ.

ಬೆಂಕಿಯ ಹತ್ತಿರ ಕೆಲಸ ಮಾಡುವವರಿಗೆ ಲೆಕ್ಕ ಬೇರೆ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಯಲ್ಲಿ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಹತ್ತಿ ಹೊತ್ತಿಕೊಳ್ಳುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಉಣ್ಣೆ ಹೊತ್ತಿಕೊಳ್ಳುವುದೇ ಕಷ್ಟ, ಜ್ವಾಲೆ ತೆಗೆದರೆ ತಾನೇ ಆರುತ್ತದೆ. ಒಲೆ, ವೆಲ್ಡಿಂಗ್, ಪಟಾಕಿ ಎಂದರೆ ಉಣ್ಣೆ ಅಥವಾ ಒತ್ತಾದ ನೇಯ್ಗೆಯ ಹತ್ತಿ.

ಲೇಬಲ್ ಕಿತ್ತುಹೋದ ಬಟ್ಟೆಯಾದರೆ ಸುಟ್ಟು ನೋಡುವ ಹಳೆಯ ಉಪಾಯವಿದೆ. ಒಳಹೊಲಿಗೆಯ ಅಂಚಿನಿಂದ ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ಬಿಡಿಸಿಕೊಳ್ಳಿ. ಕೆಲವು ಬಟ್ಟೆಗಳಲ್ಲಿ ಎರಡೂ ಬೇರೆ ಬೇರೆ ನಾರಿನವು. ಚಿಮುಟದಲ್ಲಿ ಹಿಡಿದು, ಕೆಳಗೆ ಲೋಹದ ತಟ್ಟೆ ಇಟ್ಟು, ಜ್ವಾಲೆಯ ಪಕ್ಕಕ್ಕೆ ನಿಧಾನವಾಗಿ ತನ್ನಿ. ಹತ್ತಿಯೋ ವಿಸ್ಕೋಸೋ ಆದರೆ ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ. ಉಣ್ಣೆ ಅಥವಾ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಗುಳಿಗೆ. ಪಾಲಿಯೆಸ್ಟರ್ ಜ್ವಾಲೆ ಮುಟ್ಟುವ ಮೊದಲೇ ಹಿಂದಕ್ಕೆ ಮುದುಡುತ್ತದೆ, ಕರಗಿ, ತಣಿದ ಮೇಲೆ ಎಷ್ಟು ಒತ್ತಿದರೂ ಪುಡಿಯಾಗದ ಗಟ್ಟಿ ಮಣಿ ಬಿಡುತ್ತದೆ. ಮಿಶ್ರಣವಾದರೆ ಬೂದಿಯೊಳಗೆ ಮಣಿ. ಹತ್ತಿಯಿಂದ ವಿಸ್ಕೋಸನ್ನು ಬೇರೆ ಮಾಡಲು ಈ ಪರೀಕ್ಷೆ ಸಾಲದು. ಎಳೆಯನ್ನು ಒದ್ದೆ ಮಾಡಿ ಎಳೆಯಿರಿ, ಒದ್ದೆಯಾದ ಜಾಗದಲ್ಲೇ ಸುಲಭವಾಗಿ ತುಂಡಾದರೆ ವಿಸ್ಕೋಸ್ ಎಂದು ಊಹಿಸಬಹುದು.

ಗಾಜಿನ ನಾರೋ, ಕಾರ್ಬನ್ನೋ

ರಾಳದಲ್ಲಿ ಹುದುಗಿಸಿ ದೋಣಿ, ಸೈಕಲ್, ಏಣಿ, ಗಾಳಿಯಂತ್ರದ ರೆಕ್ಕೆ ಮಾಡುವ ನಾರುಗಳಿವು. ಕಾರ್ಬನ್ ಎಂದರೆ ಗಾಜಿಗಿಂತ ಎಷ್ಟೋ ಗಟ್ಟಿ ಎಂಬ ನಂಬಿಕೆ ಇದೆ. ನಾರಿನ ಎಳೆತದ ಬಲವನ್ನಷ್ಟೇ ನೋಡಿದರೆ ಸಾಮಾನ್ಯ ಗಾಜಿನ ನಾರು, ಸಾಮಾನ್ಯ ಕಾರ್ಬನ್ ನಾರು ಎರಡೂ ಸುಮಾರು 3.5 ಗಿಗಾಪಾಸ್ಕಲ್ (ಎಳೆತವನ್ನೂ ಬಿಗಿತವನ್ನೂ ಅಳೆಯುವ ಮಾನ). ಕಾರ್ಬನ್ ಮೇಲುಗೈ ಸಾಧಿಸುವುದು ಬಿಗಿತದಲ್ಲಿ, ಅಂದರೆ ಹಿಗ್ಗದೆ ಬಾಗದೆ ನಿಲ್ಲುವುದರಲ್ಲಿ: ಗಾಜಿನದು ಸುಮಾರು 72 ಗಿಗಾಪಾಸ್ಕಲ್, ಕಾರ್ಬನ್ನಿನದು 230. ತೂಕವೂ ಕಡಿಮೆ, ಗಾಜಿನ ಸಾಂದ್ರತೆ 2.5 ದಾಟಿದರೆ ಕಾರ್ಬನ್ ಸುಮಾರು 1.8. ಅಂದರೆ ಬಾಗಲೇಬಾರದು, ತೂಕವೂ ಇರಬಾರದು ಎಂಬ ಕಡೆ ಕಾರ್ಬನ್. ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧ ಇಂಥ ಸಂಯುಕ್ತ ವಸ್ತುವಿನದು, ಅದರಲ್ಲೂ ಕಾರ್ಬನ್ನಿನದೇ ದೊಡ್ಡ ಪಾಲು.

ಸೋಲುವ ರೀತಿಗೆ ಬನ್ನಿ. ಗಾಜಿನ ನಾರು ಮುರಿಯುವ ಮೊದಲು ಶೇ. 4ಕ್ಕೂ ಹೆಚ್ಚು ಹಿಗ್ಗುತ್ತದೆ, ಕಾರ್ಬನ್ ಶೇ. 1.5 ಆಸುಪಾಸು. ಗಾಜಿನ ನಾರಿನ ಹಲಗೆ ಬಾಗಿ, ಪೆಟ್ಟು ಬಿದ್ದ ಕಡೆ ಬಿಳಿಚಿಕೊಂಡು ತನ್ನ ನೋವು ತೋರಿಸುತ್ತದೆ. ಕಾರ್ಬನ್ ಕಪ್ಪಗೆ ಹೊಳೆಯುತ್ತಲೇ ಇದ್ದು ಒಂದು ದಿನ ಲಟಕ್ಕನೆ ಮುರಿಯುತ್ತದೆ. ಬಿದ್ದ ಸೈಕಲ್ ಚೌಕಟ್ಟಿನಲ್ಲಿ ಹೊರಗೆ ಗೀರೂ ಕಾಣದೆ ಒಳಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದ ಅಂಚಿನಿಂದ ಮೆಲ್ಲಗೆ ಬಡಿಯುತ್ತಾ ಹೋಗಿ: ಗಟ್ಟಿಯಾಗಿರುವಲ್ಲಿ ಟಣ್ ಎನ್ನುವ ಸ್ಪಷ್ಟ ಸದ್ದು, ಪದರ ಬಿಟ್ಟಲ್ಲಿ ಮಂಕಾದ ದಬ್ ಎಂಬ ಸದ್ದು. ವಿಮಾನದ ತಪಾಸಣೆಯಲ್ಲೂ ಬಡಿದು ಕೇಳುವ ಈ ವಿಧಾನ ಬಳಕೆಯಲ್ಲಿದೆ. ಸದ್ದು ಮಂಕಾದರೆ ಓಡಿಸಬೇಡಿ, ತಿಳಿದವರಿಗೆ ತೋರಿಸಿ.

ಇನ್ನೊಂದು ವ್ಯತ್ಯಾಸ ಜೀವದ ಪ್ರಶ್ನೆ. ಕಾರ್ಬನ್ ವಿದ್ಯುತ್ ಹರಿಯಗೊಡುತ್ತದೆ, ಗಾಜು ಹರಿಯಗೊಡುವುದಿಲ್ಲ. ಲೈನ್‌ಮನ್‌ಗಳ ಏಣಿ, ಕೋಲು ಗಾಜಿನ ನಾರಿನವಾಗಿರುವುದು ಅದಕ್ಕೇ. ಕಾರ್ಬನ್ ಗಾಳದ ಕೋಲನ್ನು ವಿದ್ಯುತ್ ತಂತಿಯ ಕೆಳಗೆ ಎತ್ತುವುದು ಆತ್ಮಹತ್ಯೆಗೆ ಸಮ. ಅಲ್ಯೂಮಿನಿಯಂ ಜೊತೆ ಕಾರ್ಬನ್ನನ್ನು ನೇರವಾಗಿ ಜೋಡಿಸಿದರೆ ತೇವದಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ಗಾಜಿನ ನಾರಿನ ಪದರ ಹಾಕುವುದು ರೂಢಿ. ರೇಡಿಯೋ ಅಲೆಗಳನ್ನು ಗಾಜು ಬಿಡುತ್ತದೆ, ಕಾರ್ಬನ್ ತಡೆಯುತ್ತದೆ, ಹಾಗಾಗಿ ಆಂಟೆನಾ ಮುಚ್ಚುವ ಗುಮ್ಮಟ ಗಾಜಿನದು.

ಯಾವುದನ್ನೇ ಆರಿಸಿದರೂ ನಾರು ಯಾವ ದಿಕ್ಕಿಗಿದೆ ಎಂದು ಕೇಳಿ. ಎಲ್ಲ ಎಳೆಗಳೂ ಒಂದೇ ದಿಕ್ಕಿಗಿದ್ದರೆ ಆ ದಿಕ್ಕಿಗೆ ಉಕ್ಕು, ಅಡ್ಡಕ್ಕೆ ಬರೀ ರಾಳ. ನನ್ನ ಅಭಿಪ್ರಾಯ ಕೇಳಿದರೆ, ಕಾರ್ಬನ್ ಎಂದು ಮಾರುವ ಎಷ್ಟೋ ದಿನಬಳಕೆಯ ವಸ್ತುಗಳಿಗೆ ಗಾಜಿನ ನಾರು ಸಾಕಾಗಿತ್ತು. ಎರಡನ್ನೂ ಕೊಯ್ಯುವಾಗ, ಉಜ್ಜುವಾಗ ಮುಖವಾಡ, ಕನ್ನಡಕ, ಉದ್ದ ತೋಳು ಬೇಕೇ ಬೇಕು.

ಕಾಂಕ್ರೀಟಿಗೆ ಬೆರೆಸುವ ನಾರಿನ ಬಗ್ಗೆ ಚುಟುಕಾಗಿ. ಬಿರುಕು ಬಿಟ್ಟ ಮೇಲೂ ಭಾರ ಹೊರಬೇಕೆಂದರೆ ಉಕ್ಕಿನ ತುಂಡುಗಳು. ಹಸಿ ಕಾಂಕ್ರೀಟ್ ಒಣಗುವಾಗಿನ ಸಣ್ಣ ಬಿರುಕು ತಡೆಯಲು ಪಾಲಿಪ್ರೊಪಿಲೀನಿನ ನವಿರು ಎಳೆಗಳು. ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ತಿಂದುಹಾಕುತ್ತದೆ, ಜಿರ್ಕೋನಿಯಾ ಬೆರೆಸಿದ ಕ್ಷಾರ ತಾಳುವ ಗಾಜೇ ಬೇಕು. ಸೋಲೇ ಉಪಕಾರವಾಗುವ ಉದಾಹರಣೆಯೂ ಇಲ್ಲಿದೆ: ಸುರಂಗದಲ್ಲಿ ಬೆಂಕಿ ಬಿದ್ದಾಗ ಕಾಂಕ್ರೀಟಿನೊಳಗಿನ ನೀರು ಆವಿಯಾಗಿ ಗೋಡೆ ಸಿಡಿಯುತ್ತದೆ. ಪಾಲಿಪ್ರೊಪಿಲೀನ್ ಎಳೆಗಳು 160 ಡಿಗ್ರಿ ಆಸುಪಾಸಿನಲ್ಲೇ ಕರಗಿ, ಆವಿ ಹೊರಹೋಗಲು ದಾರಿ ಬಿಟ್ಟುಕೊಡುತ್ತವೆ.

ಬೆಳಕಿನ ಎಳೆ

ಇಂಟರ್ನೆಟ್ ಕೇಬಲ್ಲಿನೊಳಗಿನ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನಲ್ಲಿ ಸಂಕೇತ ಸಾಗಿಸುವ ಗಾಜಿನ ಎಳೆಗೆ ಬರೋಣ. ಗಾಜಿನ ಎಳೆಯಲ್ಲಿ ಬೆಳಕು ಬಹುದೂರ ಹೋಗಬಲ್ಲದು, ಗಾಜಿನ ಕಲ್ಮಶ ತೆಗೆದರೆ ಸಾಕು ಎಂದು ಎಂಜಿನಿಯರ್ ಚಾರ್ಲ್ಸ್ ಕಾವ್ 1966ರಲ್ಲಿ ವಾದಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಆಗ ಅವರು ಇಟ್ಟ ಗುರಿ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟ, ಅಂದರೆ ಒಂದು ಕಿಲೋಮೀಟರ್ ಕಳೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು. 1970ರಲ್ಲಿ ಕಾರ್ನಿಂಗ್ ಸಂಸ್ಥೆ ಆ ಗುರಿ ದಾಟಿತು. ಇವತ್ತಿನ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ 0.2 ಡೆಸಿಬೆಲ್ ಆಸುಪಾಸು, 15 ಕಿಲೋಮೀಟರ್ ಹೋದರೂ ಅರ್ಧ ಬೆಳಕು ಉಳಿದಿರುತ್ತದೆ.

ಆಯ್ಕೆ ಮುಖ್ಯವಾಗಿ ಎರಡರ ನಡುವೆ. ಬೆಳಕು ಒಂದೇ ದಾರಿಯಲ್ಲಿ ಹೋಗುವ ಸಿಂಗಲ್ ಮೋಡ್ ಎಳೆಯ ತಿರುಳು (ಬೆಳಕು ಸಾಗುವ ನಡುಭಾಗ) ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮಲ್ಟಿಮೋಡ್‌ನದು 50 ಅಥವಾ 62.5. ತಿರುಳು ಅಗಲವಾದಷ್ಟೂ ಬೆಳಕು ತೂರಿಸುವುದು ಸುಲಭ, ಆದರೆ ಬೆಳಕು ಹಲವು ದಾರಿಗಳಲ್ಲಿ ಹೋಗಿ ಹಿಂದುಮುಂದಾಗಿ ತಲುಪುತ್ತದೆ, ದೂರ ಹೋದಂತೆ ಸಂಕೇತ ಕಲಸಿಹೋಗುತ್ತದೆ. 10 ಗಿಗಾಬಿಟ್ ವೇಗಕ್ಕೆ ಓಎಂ3 ಬಗೆಯ ಮಲ್ಟಿಮೋಡ್ 300 ಮೀಟರ್, ಓಎಂ4 ಬಗೆಯದು 400 ಮೀಟರ್. ಸಿಂಗಲ್ ಮೋಡ್ ಅದೇ ವೇಗದಲ್ಲಿ 10 ಕಿಲೋಮೀಟರ್ ಸಲೀಸಾಗಿ ಹೋಗುತ್ತದೆ. ಒಂದೇ ಕಟ್ಟಡದೊಳಗೆ, ಈಗಾಗಲೇ ಮಲ್ಟಿಮೋಡ್ ಸಾಧನಗಳಿದ್ದರೆ ಅದನ್ನೇ ಮುಂದುವರಿಸಿ. ಹೊಸದಾಗಿ ಗೋಡೆಯೊಳಗೆ ಹಾಕುವುದಾದರೆ ಸಿಂಗಲ್ ಮೋಡ್ ಹಾಕಿ. ತುದಿಯ ಸಾಧನ ಬದಲಿಸಬಹುದು, ಗೋಡೆ ಮತ್ತೆ ಒಡೆಯುವುದು ಯಾರಿಗೂ ಬೇಡ. ನೂರು ಮೀಟರಿನ ಒಳಗೆ, ಕ್ಯಾಮೆರಾದಂಥ ಸಾಧನಕ್ಕೆ ವಿದ್ಯುತ್ತನ್ನೂ ಅದೇ ಕೇಬಲ್ಲಿನಲ್ಲಿ ಕೊಡಬೇಕು ಎಂದರೆ ತಾಮ್ರದ ಕೇಬಲ್ಲೇ ಸರಿ. ಗಾಜಿನ ಎಳೆ ಆ ಕೆಲಸ ಮಾಡುವುದಿಲ್ಲ.

ಈ ಎಳೆ ಕೈಕೊಡುವುದು ಎರಡು ಕಾರಣಕ್ಕೆ, ಮಡಿಕೆ ಮತ್ತು ಕೊಳೆ. ಬಿಗಿಯಾಗಿ ಮಡಿಸಿದರೆ ಎಳೆ ಮುರಿಯದಿದ್ದರೂ ಬೆಳಕು ಹೊರಗೆ ಸೋರುತ್ತದೆ. ಹಳೆಯ ಬಗೆಯ ಸಿಂಗಲ್ ಮೋಡ್ ಎಳೆಯನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಬಾರದು. ಮನೆಯ ಮೂಲೆಗಳಿಗೆಂದೇ ಬಂದಿರುವ ಜಿ.657 ಬಗೆಯ ಎಳೆ 10 ಮಿಲಿಮೀಟರ್, ಕೆಲವು ಇನ್ನೂ ಕಡಿಮೆ ತಾಳುತ್ತವೆ. ತುದಿಯ ಕನೆಕ್ಟರ್ ಹಸಿರಿದ್ದರೆ ಅದರ ಮುಖ 8 ಡಿಗ್ರಿ ಓರೆ, ನೀಲಿಯಿದ್ದರೆ ಓರೆಯಿಲ್ಲ. ಹಸಿರನ್ನು ನೀಲಿಗೆ ಚುಚ್ಚಿದರೆ ಕೂರುತ್ತದೆ, ಆದರೆ ಸಂಪರ್ಕ ಹಾಳಾಗುತ್ತದೆ. ಮುಖಕ್ಕೆ ಬೆರಳು ಮುಟ್ಟಿಸಬೇಡಿ, ಮತ್ತೊಂದು ತುದಿಯಿಂದ ಬೆಳಕು ಬರುತ್ತಿರುವಾಗ ಕಣ್ಣಿಟ್ಟು ನೋಡಲೇಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಊಟದ ನಾರು: ಕರಗುವುದು, ಕರಗದ್ದು, ಹುಳಿಯುವುದು

ಪ್ಯಾಕೆಟ್ಟಿನ ಮೇಲೆ "ನಾರಿನಂಶ 6 ಗ್ರಾಂ" ಎಂದಿದ್ದರೆ ಅರ್ಧ ಮಾಹಿತಿ ಮಾತ್ರ. ಯಾವ ನಾರು ಎಂಬುದರ ಮೇಲೆ ಹೊಟ್ಟೆಯಲ್ಲಿ ನಡೆಯುವುದು ನಿಂತಿದೆ. ಇಲ್ಲಿ ಕೇಳಬೇಕಾದದ್ದು: ನೀರಿನಲ್ಲಿ ಇದು ಲೋಳೆಯಾಗುತ್ತದೆಯೇ? ಕರುಳಿನ ಬ್ಯಾಕ್ಟೀರಿಯಾ ಇದನ್ನು ತಿಂದುಬಿಡುತ್ತವೆಯೇ, ಅಂದರೆ ಇದು ಹುಳಿಯುತ್ತದೆಯೇ?

ಇಸಬಗೋಲು ಲೋಳೆಯಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಹೆಚ್ಚು ದಕ್ಕುವುದಿಲ್ಲ. ಹಾಗಾಗಿ ಕೊನೆಯವರೆಗೂ ನೀರು ಹಿಡಿದುಕೊಂಡು, ಗಟ್ಟಿ ಮಲವನ್ನು ಮೆದು ಮಾಡುತ್ತದೆ, ನೀರಾದದ್ದನ್ನು ಹಿಡಿದು ನಿಲ್ಲಿಸುತ್ತದೆ. ಗೋಧಿ ತೌಡು ಕರಗುವುದೂ ಇಲ್ಲ, ಹೆಚ್ಚು ಹುಳಿಯುವುದೂ ಇಲ್ಲ. ಒರಟು ತುಣುಕುಗಳು ಕರುಳಿನ ಗೋಡೆಯನ್ನು ಕೆಣಕಿ ನೀರು ಬಿಡಿಸುತ್ತವೆ; ನುಣ್ಣಗೆ ಬೀಸಿದರೆ ಆ ಗುಣ ಕಡಿಮೆ. ಸೂಕ್ಷ್ಮ ಕರುಳಿನವರಿಗೆ ತೌಡು ನೋವು ಹೆಚ್ಚಿಸಬಹುದು, ಅವರಿಗೆ ಇಸಬಗೋಲು ಒಗ್ಗುವ ಸಾಧ್ಯತೆ ಹೆಚ್ಚು. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ ಗ್ಲುಕನ್ ಎಂಬ ನಾರು ಲೋಳೆಯೂ ಆಗುತ್ತದೆ, ಹುಳಿಯುವುದೂ ಹೌದು. ದಿನಕ್ಕೆ 3 ಗ್ರಾಂ ಸಿಕ್ಕರೆ ಕೊಲೆಸ್ಟರಾಲ್ ಸ್ವಲ್ಪ ತಗ್ಗುತ್ತದೆ ಎಂಬುದು ಸಾಬೀತಾದ ಮಾತು. ಚಿಕೋರಿ ಬೇರಿನಿಂದ ತೆಗೆಯುವ ಇನುಲಿನ್ ಎಂಬ ನಾರು ಪೂರ್ತಿ ಬೇರೆ. ಸಿಹಿ ತಿಂಡಿಗೆ, ಪುಡಿಗೆ ಬೆರೆಸಿ ಲೇಬಲ್ಲಿನ ಅಂಕಿ ಏರಿಸಲು ಇದು ಅಗ್ಗದ ದಾರಿ. ಲೋಳೆಯಾಗುವುದಿಲ್ಲ, ಬ್ಯಾಕ್ಟೀರಿಯಾಗಳು ಬೇಗ ತಿಂದು ಮುಗಿಸುತ್ತವೆ. ಅವುಗಳಿಗೆ ಒಳ್ಳೆಯ ಊಟವೇ, ನಿಮಗೆ ಗ್ಯಾಸು. ಮಲಬದ್ಧತೆಗೆಂದು ಇನುಲಿನ್ ಬಿಸ್ಕತ್ತು ಕೊಳ್ಳುವುದು ದುಡ್ಡು ದಂಡ ಎಂದೇ ನಾನು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು, ಹತ್ತು ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು. ಕಾಳು, ತರಕಾರಿ, ಇಡೀ ಧಾನ್ಯ, ಇಡೀ ಹಣ್ಣು ತಿಂದರೆ ಈ ಬಗೆಗಳೆಲ್ಲ ಬೆರೆತೇ ಬರುತ್ತವೆ, ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಹಣ್ಣಿನ ರಸ ಹಿಂಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ. ಇಂದು ಹತ್ತು ಗ್ರಾಂ ತಿನ್ನುವವರು ನಾಳೆಯೇ ಮೂವತ್ತಕ್ಕೆ ಹಾರಬೇಡಿ, ಹೊಟ್ಟೆ ಉಬ್ಬರಿಸುತ್ತದೆ; ಕೆಲವು ವಾರಗಳಲ್ಲಿ ಏರಿಸಿ.

ಪುಡಿ ರೂಪದ ನಾರು ತೆಗೆದುಕೊಳ್ಳುವವರು ನೀರಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಇಸಬಗೋಲನ್ನು ಒಣದಾಗಿಯೋ ಒಂದು ಗುಟುಕು ನೀರಿನಲ್ಲೋ ನುಂಗಿದರೆ ಗಂಟಲಲ್ಲೇ ಉಬ್ಬಿ ಉಸಿರುಗಟ್ಟಿಸಬಹುದು. ದೊಡ್ಡ ಲೋಟ ನೀರಿನಲ್ಲಿ ಕಲಸಿ, ಮಂದವಾಗುವ ಮೊದಲೇ ಕುಡಿಯಿರಿ. ನುಂಗಲು ತೊಂದರೆ ಇರುವವರು, ಕರುಳು ಎಲ್ಲಾದರೂ ಕಿರಿದಾಗಿದೆ ಎಂದು ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ. ಮಾತ್ರೆಗಳನ್ನು ಇದರ ಜೊತೆ ನುಂಗಿದರೆ ಲೋಳೆಯಲ್ಲಿ ಸಿಕ್ಕಿಕೊಂಡು ಮೈಗೆ ಹತ್ತದೆ ಹೋಗಬಹುದು, ನಡುವೆ ಎರಡು ಗಂಟೆ ಅಂತರವಿರಲಿ.